ಬಜೆಟ್ ಲೆಕ್ಕ ನಮ್ಮ ಗದ್ದೆವರೆಗೂ ಬರಲಿ

ನಮ್ಮ ಶಾಸಕರು ಬಜೆಟ್ ಬಗ್ಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಪೂರ್ತಿ ಓದಿದೆ. ಖುಷಿಯಾಯಿತು. 2025-26ರ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿಯದು, ಅದರಲ್ಲಿ ಗ್ಯಾರಂಟಿಗಳಿಗೇ 51 ಸಾವಿರ ಕೋಟಿ ಅಂತ ಎಲ್ಲರಿಗೂ ಗೊತ್ತು, ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿರುವ ನಮ್ಮ ಗದ್ದೆಗೆ ನೀರು ಬರೋಕೆ ಅದರಲ್ಲಿ ಎಷ್ಟಿದೆ ಅನ್ನೋದೇ ನಮಗೆ ಬೇಕಾದ ಲೆಕ್ಕ, ಅಲ್ವಾ?

ವಲಸೆ ಬಗ್ಗೆಯೂ ಎರಡು ಸಾಲು ಬರೆದಿದ್ದರು. ಪೌರತ್ವ, ವೀಸಾ ಎಲ್ಲ ಕೇಂದ್ರದ ಕೈಲಿರುವ ವಿಷಯ. ಆದರೆ ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿಯಲ್ಲಿ ಗುಡಿಸಲು ಹಾಕಿಕೊಂಡವರ ಮಕ್ಕಳಿಗೆ ಶಾಲೆ? ಅದು ರಾಜ್ಯದ್ದೇ ಕೆಲಸ. ರೇಷನ್ ಕಾರ್ಡ್ ಈಗ ದೇಶದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ, ಅದನ್ನು ಅವರಿಗೆ ಯಾರಾದರೂ ಹೇಳಬೇಕು. ಇದನ್ನೇ ಇವತ್ತು ಶಾಸಕರಿಗೆ ಬರೆದು ಕಳಿಸಿದ್ದೇನೆ.