ನದಿಯ ಯಾವ ದಡದ ಕೋತಿ?

ಪರಿಚಯವಿಲ್ಲದ ಕೋತಿಯ ಚಿತ್ರ ಕಣ್ಣಿಗೆ ಬಿದ್ದರೆ ಎಲ್ಲರೂ ಮೊದಲು ಅದರ ಮುಖವನ್ನು ನೋಡುತ್ತಾರೆ. ಮೊದಲು ನೋಡಬೇಕಾದದ್ದು ಭೂಪಟ ಎಂಬುದು ನನ್ನ ವಾದ. ನಮ್ಮ ತುಮಕೂರಿನ ದೇವರಾಯನದುರ್ಗದಲ್ಲಿ ಭಕ್ತರ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಯ ನೆತ್ತಿಗೂದಲನ್ನೂ ಉದ್ದ ಬಾಲವನ್ನೂ ಗಮನಿಸುವ ಮೊದಲೇ, ಇದು ದಕ್ಷಿಣ ಭಾರತವಾದ್ದರಿಂದ ಬಾನೆಟ್ ಮಕಾಕ್ ಇರಬೇಕೆಂದು ಅರ್ಧ ತೀರ್ಮಾನಿಸಿರುತ್ತೇವೆ.

ಪ್ರಾಣಿ ಎದುರು ಸುಳಿದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳ ಕಾಡುಪ್ರಾಣಿ ಚಿತ್ರಗಳನ್ನು ವಿಂಗಡಿಸುವ ಹವ್ಯಾಸವಿರುವ ಗೆಳೆಯರೊಬ್ಬರು ಈಚೆಗೆ ಕಾಂಗೋದ ಒಂದು ಚಿತ್ರವನ್ನು ತೋರಿಸಿ, ಇದು ಯಾವ ಕೋತಿ ಎಂದು ಕೇಳಿದರು. ತರಗೆಲೆಗಳ ಮೇಲೆ ನಾಲ್ಕೂ ಕಾಲೂರಿ ನಿಂತ ಪ್ರಾಣಿ. ಕೂದಲಿಲ್ಲದ ನಸುಬಣ್ಣದ ಮುಖ, ಅದರ ಸುತ್ತ ಕೇಸರದಂತೆ ಹರಡಿದ ಹೊಂಬಣ್ಣದ ಕೂದಲು, ಮೂಗಿನ ಮೇಲೆ ಕೆನೆಬಣ್ಣದ ಮಸುಕಾದ ಗೆರೆ. ಇಂಥ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಮರದ ಬೊಡ್ಡೆಗೆ ಮೊಣಕಾಲೆತ್ತರದಲ್ಲಿ ಕಟ್ಟುವುದರಿಂದ, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಲೇ ಬದುಕುವ ಕೆಂಪುಬಾಲದ ಕೋತಿಯಂಥವು ಅವುಗಳಲ್ಲಿ ಸೆರೆಯಾಗುವುದು ಅಪರೂಪ. ಹಾಗಾಗಿ ಗ್ವೆನನ್ ಎಂಬ ಆಫ್ರಿಕಾದ ಕೋತಿಗಳ ಗುಂಪಿನಲ್ಲಿ ನೆಲದ ಮೇಲೆ ಹೆಚ್ಚು ಓಡಾಡುವ ಜಾತಿಗಳತ್ತಲೇ ಗಮನ ಹರಿಯಿತು. ಹಣೆಯ ಮೇಲೆ ಕಿತ್ತಳೆ ಪಟ್ಟಿಯಿಲ್ಲದ ಕಾರಣ ಡಿ ಬ್ರಾಜಾ ಕೋತಿಯನ್ನು ಕೈಬಿಡಬಹುದಿತ್ತು. ಉಳಿದವು ಎರಡು: ಗೂಬೆಮೊಗದ ಕೋತಿ ಮತ್ತು ಲೆಸುಲಾ.

ಇವೆರಡೂ ಹತ್ತಿರದ ಸಂಬಂಧಿಗಳು. ಬೆಳೆದ ಗಂಡುಗಳ ಹಿಂಭಾಗದ ಚರ್ಮ ಎರಡರಲ್ಲೂ ಕಡುನೀಲಿಯಾದ್ದರಿಂದ ಆ ಬಣ್ಣವೊಂದನ್ನೇ ನೆಚ್ಚುವಂತಿಲ್ಲ. ಅಲ್ಲದೆ ದಟ್ಟ ಕಾಡಿನ ಮಬ್ಬಿನಲ್ಲಿ ಕ್ಯಾಮೆರಾ ಹಗಲಿನಲ್ಲೇ ಇನ್‌ಫ್ರಾರೆಡ್‌ಗೆ ಹೊರಳಿದರೆ ಚಿತ್ರ ಕಪ್ಪುಬಿಳುಪಾಗಿ ಬಣ್ಣದ ಸಾಕ್ಷ್ಯವೇ ಇಲ್ಲವಾಗುತ್ತದೆ. ಆಗಲೂ ಉಳಿಯುವುದು ಮೂಗಿನ ಗೆರೆ. ಗೂಬೆಮೊಗದ ಕೋತಿಯ ಕಪ್ಪು ಮುಖದಲ್ಲಿ ಅದು ಹುಬ್ಬಿನಿಂದ ಮೇಲ್ದುಟಿಯವರೆಗೆ ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ; ಲೆಸುಲಾದಲ್ಲಿ ಮುಖವೂ ತಿಳಿಬಣ್ಣದ್ದು, ಗೆರೆಯೂ ಮಂಕು.

ಆದರೂ ನಾನು ಗೆಳೆಯರನ್ನು ಕೇಳಿದ್ದು, ಕ್ಯಾಮೆರಾ ಲೊಮಾಮಿ ನದಿಯ ಯಾವ ದಡದಲ್ಲಿತ್ತು ಎಂದು. ದೊಡ್ಡ ನದಿಗಳನ್ನು ಈ ಕೋತಿಗಳು ದಾಟಲಾರವು. ಗೂಬೆಮೊಗದ್ದು ಲೊಮಾಮಿಗಿಂತ ಪೂರ್ವದಲ್ಲಿ ಹರಿಯುವ ಲುವಲಾಬಾ ನದಿಯ ಪೂರ್ವಕ್ಕೆ, ಲೆಸುಲಾ ಲೊಮಾಮಿಯ ಪಶ್ಚಿಮಕ್ಕೆ. ಸ್ಥಳೀಯ ಬೇಟೆಗಾರರಿಗೆ ಮೊದಲೇ ಪರಿಚಿತವಾಗಿದ್ದ ಲೆಸುಲಾವನ್ನು ಸಂಶೋಧಕರು ಮೊದಲು ಕಂಡದ್ದು 2007ರಲ್ಲಿ, ಒಪಾಲಾ ಊರಿನ ಶಾಲಾ ಮುಖ್ಯಸ್ಥರೊಬ್ಬರ ಮನೆಯಲ್ಲಿ ಸಾಕಿದ್ದ ಮರಿಯಾಗಿ. ಹೊಸ ಪ್ರಭೇದವೆಂದು ಅದರ ವಿವರಣೆ ಪ್ರಕಟವಾದದ್ದು 2012ರಲ್ಲಿ. ಅದಕ್ಕೂ ಹಿಂದಿನ ಕೈಪಿಡಿಗಳನ್ನು ನೆಚ್ಚಿದವರಿಗೆ ಈ ಹೆಸರೇ ಸಿಗುವುದಿಲ್ಲ.

ಗೆಳೆಯರ ಉತ್ತರ ಪಶ್ಚಿಮ ದಡವೆಂದಿತ್ತು. ಲೆಸುಲಾ ಎಂದು ನಮೂದಿಸಲು ಹೇಳಿದೆ. ಹಿಂಭಾಗ ಚೌಕಟ್ಟಿನಿಂದ ಹೊರಗುಳಿದಿದ್ದರಿಂದ ಗಂಡೋ ಹೆಣ್ಣೋ ಎಂಬ ಅಂಕಣವನ್ನು ಖಾಲಿ ಬಿಡಲು ಸೂಚಿಸಿದೆ.