ಖಾಲಿ ಡಬ್ಬಿ

28 ಆಗಸ್ಟ್ 2024, ಬುಧವಾರ, ರಾತ್ರಿ 10.50

ಇವತ್ತು ಬೆಳಿಗ್ಗೆ ಮಾವನ ಮೇಲೆ ಒಂದು ಸುಳ್ಳು ಹೇಳಿದೆ. ಅದನ್ನೇ ಮೊದಲು ಬರೆದುಬಿಡುತ್ತೇನೆ. ಆಮೇಲೆ ಬರೆಯೋಣ ಅಂತ ಬಿಟ್ಟರೆ ಬರೆಯುವುದೇ ಇಲ್ಲ.

ನಾದಿನಿ ಮನೆಗೆ ಕಳಿಸಲು ಅತ್ತೆ ಗೋಕುಲಾಷ್ಟಮಿಯ ಕೋಡುಬಳೆ ಡಬ್ಬಿ ಕೆಳಗಿಳಿಸಿದರು. ಹಗುರವಾಗಿತ್ತು. ಅಲ್ಲಾಡಿಸಿ ನೋಡಿದರು, ಮುಚ್ಚಳ ತೆಗೆದರು. ತಳದಲ್ಲಿ ನಾಲ್ಕು ಚೂರು. "ಇದೇನು, ಮೊನ್ನೆ ರಾತ್ರಿ ಭರ್ತಿ ಇತ್ತಲ್ಲ!" ಅಂದರು. ಪುಟ್ಟ ಶೂ ಹಾಕಿಕೊಳ್ಳುತ್ತಿದ್ದವನು "ನಿನ್ನೆ ಸಾಯಂಕಾಲಾನೂ ಇತ್ತು ಅಜ್ಜಿ. ನಾನು ಎರಡೇ ತಗೊಂಡಿದ್ದು" ಅಂದ. ಅವನ ಮುಖದಲ್ಲಿ ಗಾಬರಿ. ತನ್ನ ಮೇಲೆ ಬರುತ್ತದೇನೋ ಅಂತ.

ಆಗ ನನ್ನ ಬಾಯಿಂದ ಬಂದ ಮಾತು, "ರಾತ್ರಿ ಮಾವ ಎದ್ದಿದ್ರು ಅನ್ಸುತ್ತೆ, ಅಡುಗೆಮನೆ ಲೈಟ್ ಉರೀತಿತ್ತು."

ಅಷ್ಟೇ. ಒಂದೇ ಮಾತು. ಅತ್ತೆ ಹಾಲ್‌ಗೆ ಹೋಗಿ ಶುರು ಮಾಡಿದರು. ಶುಗರ್ ಜಾಸ್ತಿ ಇದೆ ಅಂತ ಡಾಕ್ಟರು ಹೇಳಿ ಹದಿನೈದು ದಿನ ಆಗಿಲ್ಲ, ಈ ವಯಸ್ಸಿನಲ್ಲಿ ಇಷ್ಟು ಬಾಯಿಚಪಲವಾ, ಕಣ್ಣು ಹೋದರೆ ನೋಡಿಕೊಳ್ಳುವವರು ಯಾರು. ಮಾವ ಪೇಪರ್ ಕೆಳಗಿಟ್ಟರು. ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಅತ್ತೆಗೆ "ಹೂಂ ಕಣೇ, ತಿಂದೆ. ಇನ್ಮೇಲೆ ತಿನ್ನಲ್ಲ ಬಿಡು" ಅಂದರು.

ಪುಟ್ಟನ ಬ್ಯಾಗ್ ಹಿಡಿದುಕೊಂಡು ನಾನು ಹೊರಗೆ ಬಂದುಬಿಟ್ಟೆ.

ತಿಂದದ್ದು ನಾನು. ಮಂಗಳವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲು ಎದ್ದೆ. ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡೆ. ಆಮೇಲೆ ಡಬ್ಬಿ ಇಳಿಸಿಕೊಂಡು ಸ್ಲ್ಯಾಬ್ ಪಕ್ಕ ನೆಲದ ಮೇಲೆ ಕೂತೆ. ಮೂರು ನಾಲ್ಕು ತಿನ್ನುವಷ್ಟರಲ್ಲಿ ರುಚಿ ಹೋಗಿಬಿಡುತ್ತದೆ. ಖಾರ, ಎಣ್ಣೆ, ಏನೂ ಗೊತ್ತಾಗುವುದಿಲ್ಲ. ಆದರೂ ಕೈ ಹೋಗುತ್ತಲೇ ಇರುತ್ತದೆ. ಸರಿಯಾಗಿ ಅಗಿಯುವುದೂ ಇಲ್ಲ. ಕೋಡುಬಳೆ ಮುಗಿದ ಮೇಲೆ ರವೆ ಉಂಡೆ, ಆಮೇಲೆ ಫ್ರಿಜ್‌ನಲ್ಲಿದ್ದ ತಣ್ಣನೆ ಅನ್ನ. ನನಗೆ ರವೆ ಉಂಡೆ ಇಷ್ಟವೇ ಇಲ್ಲ. ಹೊಟ್ಟೆ ಬಿರಿಯುವ ಹಾಗಾಗಿ, ಉಸಿರು ಎಳೆದುಕೊಳ್ಳಲು ಕಷ್ಟವಾದಾಗ ನಿಂತಿತು. ಚೂರುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಡಬ್ಬಿ ಮೊದಲು ಹೇಗಿತ್ತೋ ಹಾಗೇ, ಅದೇ ಜಾಗದಲ್ಲಿ ಇಟ್ಟೆ.

ಕಳೆದ ಸಲ ಹೀಗೆ ಆಗಿ ಐದು ವಾರ ಆಗಿತ್ತು.

ಹೊಸದಾಗಿ ಓದುತ್ತಿರುವವರಿಗೆ ಇಷ್ಟು ಹೇಳುತ್ತೇನೆ. ಇದಕ್ಕೊಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಬಿಂಜ್ ಈಟಿಂಗ್ ಡಿಸಾರ್ಡರ್. 1959ರಲ್ಲೇ ಆಲ್ಬರ್ಟ್ ಸ್ಟಂಕಾರ್ಡ್ ಅನ್ನುವ ಅಮೆರಿಕದ ಡಾಕ್ಟರೊಬ್ಬರು ಹೀಗೆ ತಿನ್ನುವವರ ಬಗ್ಗೆ ಬರೆದಿದ್ದರು. ಆದರೆ ಅಲ್ಲಿನ ಮನೋವೈದ್ಯರ ಕೈಪಿಡಿಯಲ್ಲಿ ಇದು ಪ್ರತ್ಯೇಕ ಕಾಯಿಲೆ ಅಂತ ಸೇರಿದ್ದು 2013ರಲ್ಲಿ. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳು ಹೀಗೇ ಆಗುತ್ತಿದ್ದರೆ. ಹಸಿವಿಲ್ಲದಿದ್ದರೂ ತಿನ್ನುವುದು, ಗಬಗಬ ತಿನ್ನುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತನ್ನ ಬಗ್ಗೆಯೇ ಅಸಹ್ಯಪಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲಿಸೋಕೆ ಆಗುತ್ತಿಲ್ಲ ಅನ್ನಿಸುವುದು. ಆ ರಾತ್ರಿ ಅದನ್ನೆಲ್ಲ ಓದಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಇಪ್ಪತ್ತು ವರ್ಷದಿಂದ ನಾನೊಬ್ಬಳೇ ಹೀಗೆ ಅಂದುಕೊಂಡಿದ್ದೆ. ಅದಕ್ಕೂ ಮುಂಚೆ ಒಬ್ಬ ಡಾಕ್ಟರ ಹತ್ತಿರ ಹೇಳಿಕೊಂಡಿದ್ದೆ. ಅವರು ನನ್ನ ತೂಕ ನೋಡಿ, "ಸರಿಯಾಗೇ ಇದೀರಲ್ಲ, ಸ್ವಲ್ಪ ಬಾಯಿ ಕಟ್ಟಿ" ಅಂದರು. ಬಾಯಿ ಕಟ್ಟಿ ಕಟ್ಟಿಯೇ ಇಲ್ಲಿಗೆ ಬಂದಿದ್ದು ಅಂತ ಆಗ ನನಗೂ ಗೊತ್ತಿರಲಿಲ್ಲ. ದಪ್ಪಗಿರುವವರಿಗೆ ಮಾತ್ರ ಇದು ಬರುವುದಲ್ಲ. ಅದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ.

ಈ ಜೂನ್‌ನಲ್ಲಿ ಒಂದು ಸರಿರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು. ಆ ಕಡೆ ಇದ್ದ ಹುಡುಗಿ ಕನ್ನಡದಲ್ಲೇ ಮಾತಾಡಿದಳು, ನಾನು ಅಳು ಮುಗಿಸುವವರೆಗೆ ಕಾದಳು. ಅದಾದ ಮೇಲೆಯೇ ಶನಿವಾರದ ಕೌನ್ಸೆಲರ್ ಮೇಡಂ ಹತ್ತಿರ ಹೋಗಲು ಧೈರ್ಯ ಬಂದಿದ್ದು. ಮನೆಯಲ್ಲಿ ಇವರಿಗೆ ಮಾತ್ರ ಗೊತ್ತು. ಅತ್ತೆ, ನಾನು ಶನಿವಾರ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆ ಅಂದುಕೊಂಡಿದ್ದಾರೆ. ಅದೂ ಒಂದು ಸುಳ್ಳು.

ಮೇಡಂ ಮೊದಲ ದಿನವೇ ಒಂದು ನೋಟ್‌ಬುಕ್ ಇಡಲು ಹೇಳಿದರು. ಎಷ್ಟು ಹೊತ್ತಿಗೆ, ಎಲ್ಲಿ, ಏನು ತಿಂದೆ, ಅದಕ್ಕೆ ಮುಂಚೆ ಏನಾಯಿತು. ಇನ್ನೊಂದು ನಿಯಮ, ದಿನಕ್ಕೆ ಮೂರು ಊಟ, ಮಧ್ಯೆ ಎರಡು ಸಲ ಏನಾದರೂ. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಬೆಳಿಗ್ಗೆ ತಿಂಡಿ ಬಿಡಬಾರದು. ನನಗೆ ಅತಿ ಕಷ್ಟವಾಗಿದ್ದು ಈ ಕೊನೆಯದೇ. ರಾತ್ರಿ ಹಾಗೆ ತಿಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂರಲು ಯಾವ ಮುಖ ಇರುತ್ತದೆ? ನಾನು ಯಾವಾಗಲೂ ಮಾಡುತ್ತಿದ್ದದ್ದು ಉಲ್ಟಾ. ರಾತ್ರಿಯ ತಪ್ಪಿಗೆ ಹಗಲೆಲ್ಲ ಉಪವಾಸ, ಬರೀ ಕಾಫಿ. ಹಗಲಿನ ಉಪವಾಸಕ್ಕೆ ಮತ್ತೆ ರಾತ್ರಿ ಡಬ್ಬಿ. ನನ್ನ ವಿಷಯದಲ್ಲಿ ಎಲ್ಲ ಶುರುವಾಗುವುದು ಹಗಲಿನಲ್ಲಿ ಅಂತ ಆ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಕಾಣುತ್ತಿದೆ.

ಗೋಕುಲಾಷ್ಟಮಿಯ ಉಪವಾಸ ಈ ವರ್ಷ ಬೇಡ ಅಂತ ಮೇಡಂ ಹೇಳಿದ್ದರು. ಮಾಡಿದೆ. ರಾತ್ರಿ ಅರ್ಘ್ಯ ಕೊಡುವವರೆಗೆ ಅತ್ತೆ ಏನೂ ತಿನ್ನುವುದಿಲ್ಲ. ನಾನು ಹೇಗೆ ಅವರ ಎದುರು ಕೂತು ತಿನ್ನಲಿ? ಬೆಳಿಗ್ಗೆಯಿಂದ ಅಷ್ಟೂ ಚಕ್ಕುಲಿ, ಕೋಡುಬಳೆ, ತೇಂಗೊಳಲು ಕರಿದು, ಒಂದನ್ನೂ ಮುಟ್ಟದೆ ಇದ್ದೆ. ಸೋಮವಾರ ರಾತ್ರಿ ಸರಿಯಾಗೇ ಊಟ ಮಾಡಿದೆ, ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡೆ. ಮಂಗಳವಾರ ಆ ಖುಷಿಯಲ್ಲೇ ತಿಂಡಿ ಬಿಟ್ಟೆ, ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ.

ಇವತ್ತು ಸಾಯಂಕಾಲ ಆಫೀಸಿನಿಂದ ಬೇಗ ಬಂದೆ. ಮಾವ ಕುಕ್ಕರಹಳ್ಳಿ ಕೆರೆಗೆ ಹೊರಟಿದ್ದರು, ನಾನೂ ಬರ್ತೀನಿ ಅಂದೆ. ಅವರು ಏನೂ ಕೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳುವವರೆಗೆ ಗೇಟ್ ಹಿಡಿದು ನಿಂತರು.

ಮಳೆ ಬಂದು ಹೋಗಿತ್ತು, ದಾರಿ ಒದ್ದೆ. ನೀರಿನ ಮಧ್ಯೆ ಹೆಜ್ಜಾರ್ಲೆಗಳಿದ್ದವು. ಮಾವ ಎಂದಿನ ಕಲ್ಲುಬೆಂಚಿನವರೆಗೆ ಮಾತಿಲ್ಲದೆ ನಡೆದರು. ಕೂತ ಮೇಲೆ ನಾನೇ ಹೇಳಿದೆ.

"ಮಾವ, ಕೋಡುಬಳೆ ತಿಂದಿದ್ದು ನಾನು."

"ಗೊತ್ತಮ್ಮ. ನಾನು ಬಾತ್‌ರೂಮಿಗೆ ಎದ್ದಿದ್ದೆ. ನೋಡ್ದೆ."

"ಮತ್ತೆ ಯಾಕೆ ನೀವು..."

"ಅವಳು ಹೇಗೂ ದಿನಾ ನನ್ನ ಬೈತಾಳೆ. ಇನ್ನೊಂದು ಸೇರ್ತು." ಸ್ವಲ್ಪ ಹೊತ್ತು ಬಿಟ್ಟು, "ಅದ್ಸರಿ, ತಿಂದ್ರೆ ಏನಾಯ್ತು? ಮನೆಯವರು ತಿನ್ಲಿ ಅಂತಾನೆ ಮಾಡಿದ್ದು. ಅದಕ್ಯಾಕೆ ಕತ್ತಲಲ್ಲಿ ಕೂತು ತಿನ್ಬೇಕು? ಅದಕ್ಯಾಕೆ ನನ್ನ ಹೆಸರು ಹೇಳ್ಬೇಕು?"

ಆ ಕೊನೆಯ ಮಾತು ಮೆಲ್ಲಗೆ ಹೇಳಿದರು. ಅವರಿಗೆ ಬೇಜಾರಾಗಿತ್ತು. ಆಗಲೇಬೇಕಲ್ವಾ. ಎಪ್ಪತ್ನಾಲ್ಕು ವರ್ಷದವರು, ಡಾಕ್ಟರು ಬೇಡ ಅಂದ ಮೇಲೆ ಒಂದು ಚಮಚ ಸಕ್ಕರೆ ಮುಟ್ಟಿಲ್ಲ. ಮೊಮ್ಮಗನ ಎದುರು ಬೈಸಿಕೊಂಡರು.

ಕ್ಷಮಿಸಿ ಅಂದೆ. ಆಮೇಲೆ ಎಲ್ಲ ಹೇಳಿದೆ. ಸರಿಯಾಗಿ ಹೇಳಲು ಬರಲಿಲ್ಲ. ಇದು ಆಸೆ ಅಲ್ಲ ಮಾವ, ರುಚಿಗೆ ತಿನ್ನೋದಲ್ಲ, ಶುರುವಾದ ಮೇಲೆ ಕೈ ನನ್ನ ಮಾತು ಕೇಳಲ್ಲ ಅಂದೆ. ಅವರು ಬಹಳ ಹೊತ್ತು ನೀರನ್ನೇ ನೋಡಿದರು. ನಂಬಲಿಲ್ಲ ಅಂದುಕೊಂಡೆ.

"ನಂಗೆ ಒಂದ್ಸಲ ಲೋ ಶುಗರ್ ಆಗಿತ್ತು ನೋಡು," ಅಂದರು ಆಮೇಲೆ. "ಇಂಜೆಕ್ಷನ್ ತಗೊಂಡು ಬಸ್ಸಲ್ಲಿ ಬರ್ತಿದ್ದೆ. ಬಸ್ಸು ಕೆಟ್ಟು ನಿಂತು ಊಟ ತಡ ಆಯ್ತು. ಮೈಯೆಲ್ಲ ಬೆವರು, ಕೈ ನಡುಕ. ಮಂಡ್ಯದಲ್ಲಿ ತಗೊಂಡಿದ್ದ ಅಚ್ಚುಬೆಲ್ಲ ಚೀಲದಲ್ಲಿತ್ತು. ಒಂದು ಚೂರು ಸಾಕಿತ್ತು. ನಾನು ಪೂರ್ತಿ ಒಂದು ಅಚ್ಚು ತಿಂದೆ, ಇನ್ನೊಂದಕ್ಕೆ ಕೈ ಹಾಕಿದೆ. ಪಕ್ಕದ ಸೀಟಿನ ಹೆಂಗಸು ನೋಡ್ತಾ ಇದ್ಲು. ನಾಚಿಕೆ ಆಗ್ತಿತ್ತು, ಕೈ ನಿಲ್ತಿರ್ಲಿಲ್ಲ. ಹಾಗಾ?"

ಹೂಂ ಮಾವ, ಹಾಗೇ ಅಂದೆ. ಪೂರ್ತಿ ಹಾಗೇ ಅಲ್ಲ. ಅವರದು ಔಷಧಿಯಿಂದ ಆಗಿದ್ದು, ನನ್ನದು ಹಾಗಲ್ಲ. ನನ್ನದರಲ್ಲಿ ಹಳೆಯ ನೋವುಗಳೂ ಸೇರಿಕೊಂಡಿವೆ. ಆದರೆ ನಾಚಿಕೆ ಆಗುತ್ತಿದ್ದರೂ ಕೈ ನಿಲ್ಲದಿರುವುದು, ಅದನ್ನು ಇಷ್ಟು ಸರಿಯಾಗಿ ಇನ್ಯಾರೂ ಹೇಳಿದ್ದು ನಾನು ಕೇಳಿಲ್ಲ.

ಮೇಡಂ ಹೇಳಿದ್ದ ಅಮೆರಿಕದ ಮಿನ್ನೆಸೋಟದ ಕಥೆಯನ್ನೂ ಅವರಿಗೆ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರಿಂದ 45ರ ತನಕ, ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ 36 ಜನ ಗಟ್ಟಿಮುಟ್ಟು ಹುಡುಗರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟಿದ್ದರು. ಹುಡುಗರೇ ಒಪ್ಪಿ ಬಂದಿದ್ದು. ಯುದ್ಧದಲ್ಲಿ ಹಸಿದವರಿಗೆ ಹೇಗೆ ಮತ್ತೆ ಊಟ ಕೊಡಬೇಕು ಅಂತ ತಿಳಿಯಲು. ಸ್ವಲ್ಪ ದಿನಕ್ಕೆ ಅವರ ತಲೆಯಲ್ಲಿ ಊಟ ಬಿಟ್ಟು ಬೇರೆ ಏನೂ ಇರಲಿಲ್ಲ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸಲಿಲ್ಲ. ಮುಂಚೆ ಊಟದ ವಿಷಯದಲ್ಲಿ ಏನೂ ತೊಂದರೆ ಇಲ್ಲದ ಹುಡುಗರು ಅವರು. ಅವರನ್ನು ಬಾಯಿಚಪಲದವರು ಅಂತ ಯಾರಾದರೂ ಅನ್ನುತ್ತಾರಾ?

ಮಾವನಿಗೆ ಇದು ಇಷ್ಟವಾಯಿತು. "1965ರಲ್ಲಿ ಶಾಸ್ತ್ರೀಜಿ ಸೋಮವಾರ ರಾತ್ರಿ ಊಟ ಬಿಡಿ ಅಂದಿದ್ರಲ್ಲ," ಅಂದರು. "ನಾವು ಹಾಸ್ಟೆಲ್ ಹುಡುಗ್ರು ಬಿಟ್ಟಿದ್ವಿ, ದೇಶಕ್ಕೋಸ್ಕರ ಅಂತ. ಮಂಗಳವಾರ ಬೆಳಿಗ್ಗೆ ಭಟ್ರು ಮಾಡಿದ್ದು ಯಾವತ್ತೂ ಸಾಲ್ತಿರ್ಲಿಲ್ಲ." ನಕ್ಕರು. ನಾನೂ ನಕ್ಕೆ. ಇಡೀ ದಿನದಲ್ಲಿ ಆಗಲೇ ನಕ್ಕಿದ್ದು.

ಏಳುವಾಗ ಕೇಳಿದರು, "ಇವತ್ತು ಬೆಳಿಗ್ಗೆ ತಿಂಡಿ ತಿಂದ್ಯಾ?"

ಇಲ್ಲ ಅಂದೆ.

"ಮಧ್ಯಾಹ್ನ?"

ಸುಮ್ಮನಿದ್ದೆ. ದಾರಿಯಲ್ಲಿ ಎಳನೀರಿನವನ ಹತ್ತಿರ ನಿಲ್ಲಿಸಿ, ಗಂಜಿ ಇರುವುದೇ ಕೊಡಪ್ಪ ಅಂತ ಹೇಳಿ ಕೊಡಿಸಿದರು. ತಾವು ಕುಡಿಯಲಿಲ್ಲ. ನಾನು ಗಂಜಿ ಮುಗಿಸುವವರೆಗೆ ರಸ್ತೆ ಕಡೆ ತಿರುಗಿ ನಿಂತಿದ್ದರು. ಯಾರಾದರೂ ನೋಡುತ್ತಿದ್ದರೆ ನನಗೆ ತಿನ್ನಲು ಆಗುವುದಿಲ್ಲ ಅಂತ ಅವರಿಗೆ ಯಾವಾಗ ಗೊತ್ತಾಯಿತೋ.

ಮನೆಗೆ ಬಂದ ಮೇಲೆ ಅತ್ತೆ ಉಳಿದ ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದ್ದು ಗೊತ್ತಾಯಿತು. ಮಾವನಿಗೆ ಸಿಗಬಾರದು ಅಂತ. ಅತ್ತೆಗೆ ನಾಳೆ ಹೇಳಬೇಕು. ಕೋಡುಬಳೆಯ ವಿಷಯ ಒಂದೇ ಹೇಳಿದರೆ ಸಾಲದು, ಶನಿವಾರದ್ದೂ ಹೇಳಬೇಕು. ಅವರ ಮುಂದೆ ಈ ಮಾತನ್ನು ಎಲ್ಲಿಂದ ಶುರು ಮಾಡುವುದು? ಕಾಯಿಲೆ ಅಂದರೆ ಹೆದರುತ್ತಾರೆ. ಅಭ್ಯಾಸ ಅಂದರೆ, ಬಿಟ್ಟುಬಿಡು ಅನ್ನುತ್ತಾರೆ. ಪುಟ್ಟನಿಗೂ ಹೇಳಬೇಕು, ತಾತ ತಿಂದಿಲ್ಲ ಅಂತ. ಮಲಗುವಾಗ ಅವನು ತಾತನಿಗೆ "ನಾಳೆ ನೀನು ಕದೀಬೇಡ ತಾತ" ಅಂದ. ಮಾವ "ಇಲ್ಲಪ್ಪ" ಅಂದರು.

ರಾತ್ರಿ ಊಟ ಮಾಡಿದೆ. ಎರಡು ಚಪಾತಿ, ಹುರುಳಿಕಾಯಿ ಪಲ್ಯ, ಮೊಸರನ್ನ. ಎಲ್ಲರ ಜೊತೆ ಕೂತು. ಬರೆದುಕೊಂಡಿದ್ದೇನೆ.

ನಿನ್ನೆಯ ಪುಟ ಖಾಲಿ ಇತ್ತು. ಈಗ ತುಂಬಿಸುತ್ತಿದ್ದೇನೆ. ಹೊತ್ತು, ರಾತ್ರಿ 11.40. ಎಲ್ಲಿ, ಅಡುಗೆಮನೆ, ನೆಲದ ಮೇಲೆ. ಏನು, ಬರೆದೆ, ಅನ್ನದವರೆಗೂ ಬರೆದೆ. ಕೊನೆಯ ಸಾಲಿನಲ್ಲಿ, ಅದಕ್ಕೆ ಮುಂಚೆ ಏನಾಯಿತು ಅನ್ನುವ ಕಡೆ, ತಿಂಡಿ ಇಲ್ಲ, ಮಧ್ಯಾಹ್ನದ ಊಟ ಇಲ್ಲ ಅಂತ ಬರೆದೆ. ಅದು ನಿಜ. ಆದರೆ ಅಷ್ಟೇ ಅಲ್ಲ. ಮಾವನಿಗೂ ಇದನ್ನು ಹೇಳಲಿಲ್ಲ. ರಾತ್ರಿ ಒಂಬತ್ತೂವರೆಗೆ ಅಮ್ಮ ಫೋನ್ ಮಾಡಿದ್ದಳು. ತಮ್ಮನ ನಿಶ್ಚಿತಾರ್ಥದ ಫೋಟೋ ಬಂತಂತೆ. ಎಲ್ಲ ಚೆನ್ನಾಗಿದೆ, ನಿಂದೊಂದೇ ನೋಡು, ಆ ಹಸಿರು ಸೀರೆಯಲ್ಲಿ ನೀನು ಅಂತ ಶುರು ಮಾಡಿದಳು, ನಾನು ನಗುತ್ತಲೇ ಹೂಂ ಅಮ್ಮ, ಹೂಂ ಅಮ್ಮ ಅಂತಿದ್ದೆ, ಫೋನ್ ಇಟ್ಟ ಮೇಲೂ