ಹಿತ್ತಲ ಗೆಡ್ಡೆಗಳು: ಸುರಣ ಅಗೆದ ವಾರ

ಭಾನುವಾರ ಖಾನಾಪುರದ ನಮ್ಮ ಹಿತ್ತಲಲ್ಲಿ ಸುವರ್ಣಗೆಡ್ಡೆ ಅಗೆದೆವು. ಇಲ್ಲಿಯ ಸಂತೆಯಲ್ಲಿ ಸುರಣ ಅಂದರೇ ಬೇಗ ತಿಳಿಯುತ್ತದೆ. ಮೇ ಕೊನೆಗೆ ನೆಟ್ಟದ್ದು. ಜನವರಿಗೆ ಛತ್ರಿಯಂಥ ಎಲೆ ಹಳದಿಯಾಗಿ ದಂಟು ನೆಲಕ್ಕೆ ಮಲಗಿತು.

ನೆಟ್ಟದ್ದು ಆರು ಹೋಳು, ಸಿಕ್ಕದ್ದು ನಾಲ್ಕು ಗೆಡ್ಡೆ. ಕೊಳೆತ ಎರಡಕ್ಕೂ ನಡುವಿನ ಮೊಳಕೆಯ ಭಾಗ ಬರದಂತೆ ಕೊಯ್ದಿದ್ದೆ, ತಪ್ಪು ನನ್ನದೇ. ಮುಂದಿನ ಸಲ ಪ್ರತಿ ಹೋಳಿಗೂ ಮೊಳಕೆಯ ಚೂರು ಇಟ್ಟು, ಸಗಣಿ ನೀರಲ್ಲಿ ಅದ್ದಿ, ನೆರಳಲ್ಲಿ ಆರಿಸಿಯೇ ನೆಡಬೇಕು. ಅಗೆಯುವಾಗ ಕಂಡದ್ದು ನನಗೆ ಹೊಸದು: ನೆಟ್ಟ ಹೋಳು ತಾನು ಬೆಳೆಯುವುದಿಲ್ಲ. ಅದು ಸೊರಗಿ ಸಿಪ್ಪೆಯಾಗಿ ಕೆಳಗೆ ಉಳಿದಿತ್ತು, ಅದರ ತಲೆಯ ಮೇಲೆ ಹೊಸ ಗೆಡ್ಡೆ ಕಟ್ಟಿತ್ತು. ಅರ್ಧ ಕಿಲೋ ಹೋಳಿನಿಂದ ಬಂದ ದೊಡ್ಡ ಗೆಡ್ಡೆ ಎರಡೂವರೆ ಕಿಲೋ ತೂಗಿತು. ಅದನ್ನು ಎತ್ತಿ ಹಿಡಿದಾಗಿನ ಖುಷಿ ಇನ್ನೂ ಇಳಿದಿಲ್ಲ.

ಹೆಚ್ಚಲು ಕೂತಾಗ ಅವ್ವ ಅಂದಳು, "ಹಸಿಗೈಲೆ ಮುಟ್ಟಬ್ಯಾಡ, ಎಣ್ಣಿ ಹಚ್ಚಿಕೋ." ಗೆಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಚರ್ಮಕ್ಕೂ ಗಂಟಲಿಗೂ ಚುಚ್ಚುವುದು ಅವೇ. ಕೆಸುವಿನ ಎಲೆಯಲ್ಲೂ ಇದೇ ತಂಟೆ. ಅದಕ್ಕೇ ಎರಡಕ್ಕೂ ಹುಣಸೆಹುಳಿ ಬೀಳುತ್ತದೆ. ಹೋಳುಗಳನ್ನು ಹುಣಸೆ ನೀರಲ್ಲಿ ಮೆತ್ತಗಾಗುವ ತನಕ ಬೇಯಿಸಿ, ನೀರು ಚೆಲ್ಲಿ, ಖಾರ ಹಚ್ಚಿ ಹಂಚಿನ ಮೇಲೆ ಹುರಿದೆವು. ಬಿಸಿ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನಾ ಕಂಡಿಲ್ಲ. ಆಯುರ್ವೇದದಲ್ಲಿ ಸೂರಣಕ್ಕೆ ಅರ್ಶೋಘ್ನ, ಅಂದರೆ ಮೂಲವ್ಯಾಧಿ ಕಳೆಯುವುದು, ಎಂಬ ಹೆಸರೇ ಉಂಟು. ನಾನು ಬೆಳೆದದ್ದು ಮಾತ್ರ ಊಟಕ್ಕೆ.

ಬೇಲಿಯ ಅಗ್ನಿಶಿಖೆಯ ವಿಷಯ ಬೇರೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವ, ಕೆಂಪು ಹಳದಿ ಹೂವಿನ ಬಳ್ಳಿ. ಬುಡದ ಗೆಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ. ಅದರಲ್ಲಿ ಕಾಲ್ಚಿಸಿನ್ ಇದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಕೊಡುವ ಮದ್ದು ಅದೇ, ಅಳತೆ ಸ್ವಲ್ಪ ಮೀರಿದರೂ ಜೀವ ತೆಗೆಯುವ ವಿಷವೂ ಅದೇ. ಗೆಣಸೆಂದು ತಿಳಿದು ತಿಂದು ಸತ್ತವರಿದ್ದಾರೆ. ನನ್ನ ಗೆಣಸಿನ ಏರಿ ಆ ಬೇಲಿಗೆ ಎರಡೇ ಮೊಳ ದೂರ. ಮನೆಯಲ್ಲಿ ಮಕ್ಕಳಿದ್ದಾರೆ. ನಿನ್ನೆ ಸಂಜೆ ಗುದ್ದಲಿ ಹಿಡಿದು, ಚೂರೂ ಉಳಿಯದ ಹಾಗೆ ಮಣ್ಣು ಕೆದಕಿ ಅದನ್ನು ತೆಗೆದೆ.

ಗೆಣಸು ಶಿವರಾತ್ರಿಯ ಉಪವಾಸಕ್ಕೆ ಬೇಕು. ಏರಿಯಲ್ಲಿ ಮಣ್ಣು ಬಿರುಕು ಬಿಟ್ಟಿದೆ. ಹಬ್ಬದ ಹಿಂದಿನ ದಿನ ಕೀಳುತ್ತೇವೆ.